ನಲವತ್ತು ನಿಮಿಷದ ಅಪ್ಪ

ಪೈನ್ ಫೋರ್ಕ್, ಕೆಂಟಕಿ
ಅಕ್ಟೋಬರ್ 5, ಭಾನುವಾರ

ನನ್ನ ಮುದ್ದು ಗಂಡನೇ,

ಗಂಡ! ಈ ಪದ ಬರೆಯುವಾಗ ಇನ್ನೂ ಬೆರಳ ತುದಿಯಲ್ಲಿ ಕಚಗುಳಿಯಾಗುತ್ತದೆ. ಮದುವೆಯಾಗಿ ಆರು ವಾರ, ಅದರಲ್ಲಿ ನೀನು ನನ್ನ ಜೊತೆಗಿದ್ದದ್ದು ಮೂರೇ ವಾರ. ಮಿಕ್ಕಿದ್ದೆಲ್ಲ ಆ ನಿನ್ನ ಸೈನ್ಯದ ತರಬೇತಿ ಶಿಬಿರದ್ದು.

ಹತ್ತು ದಿನ ಬರೆಯದೇ ಇದ್ದದ್ದಕ್ಕೆ ಕ್ಷಮಿಸು. ಬೇಕೆಂದೇ ಬರೆಯಲಿಲ್ಲ, ಹೆದರಿಕೆಯಾಯಿತು. ಲಕೋಟೆ ತುಂಬ ನಾನು ಬರೆದ ಕೆಂಪು ಹೃದಯಗಳನ್ನು ನಿನ್ನ ಸಾರ್ಜೆಂಟ್ ಎಲ್ಲರೆದುರು ಒಂದೊಂದಾಗಿ ಎಣಿಸಿ, ಹೃದಯಕ್ಕೆ ಐದರಂತೆ ನಿನ್ನ ಕೈಲಿ ದಂಡ ಹೊಡೆಸಿದನೆಂದು ಓದಿ ನಗುತ್ತಲೇ ಅತ್ತುಬಿಟ್ಟೆ. ಅಮ್ಮ ಅಂದಳು, "ಪಾಪ ಆ ಹುಡುಗ ಯುದ್ಧದಲ್ಲಿ ಸಾಯಲ್ಲ ಕಣೇ ಶೆಲ್ಬಿ, ನಿನ್ನ ಪ್ರೀತಿಯಲ್ಲೇ ಸಾಯ್ತಾನೆ." ಈ ಸಲ ಒಂದೇ ಒಂದು ಹೃದಯವಿದೆ. ಲಕೋಟೆಯ ಮಡಿಕೆಯ ಒಳಗಿದೆ, ಹುಡುಕಿಕೋ.

ಈಗ ಸುದ್ದಿ. ನಮ್ಮ ತಂಗಿ ಟೆಸ್ಸಾಳ ಕಾಲೇಜು ಪಟ್ಟಿ ಸಿದ್ಧವಾಗಿದೆ! ದಂತವೈದ್ಯರ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ ಮುಗಿದ ಮೇಲೆ ದಿನಾ ಅಮ್ಮನ ಮನೆಗೆ ಹೋಗುತ್ತಿದ್ದೇನೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಬೀನ್ಸ್ ಸಾರು, ಜೋಳದ ರೊಟ್ಟಿ. ಇನ್ನೊಂದು ಕಡೆ ಕಾಲೇಜುಗಳ ಕಾಗದದ ರಾಶಿ. ನಡುವೆ ಟೆಸ್ಸಾ, ಕೈಯಲ್ಲಿ ಅವಳ ಹಳದಿ ನೋಟ್‌ಬುಕ್. ಅದನ್ನು ಮುಟ್ಟಲು ಹೋದರೆ ಕೈಗೆ ಪೆನ್ಸಿಲಿನಿಂದ ಹೊಡೆಯುತ್ತಾಳೆ.

ನಿನಗೂ ನನಗೂ ಗೊತ್ತಿರಲಿಲ್ಲವಲ್ಲ, ಡಾಕ್ಟರಾಗಬೇಕಾದರೆ ಮೊದಲು ನಾಲ್ಕು ವರ್ಷ ಬೇರೇನಾದರೂ ಪದವಿ ಓದಬೇಕು, ಆಮೇಲೆ ನಾಲ್ಕು ವರ್ಷ ವೈದ್ಯಕೀಯ. ಶಾಲೆಯಲ್ಲಿ ಮಕ್ಕಳಿಗೆ ಕಾಲೇಜಿನ ಸಲಹೆ ಕೊಡುವ ಪ್ರೂವಿಟ್ ಮೇಡಂ ಮೊದಲ ದಿನವೇ ಹೇಳಿದರಂತೆ: "ಎರಡನೇ ನಾಲ್ಕು ವರ್ಷಕ್ಕೆ ಸಾಲ ಮಾಡದೆ ಗತಿಯಿಲ್ಲಮ್ಮ. ಅದಕ್ಕೇ ಮೊದಲನೇ ನಾಲ್ಕು ವರ್ಷ ಒಂದು ಡಾಲರ್ ಸಾಲ ಆಗಬಾರದು. ಸಾಲ ಆಯ್ತೋ, ಮಧ್ಯದಲ್ಲೇ ಬಿಟ್ಟುಬಿಡ್ತೀಯ. ಎಷ್ಟು ಜನರನ್ನ ನೋಡಿಲ್ಲ ನಾನು."

ಪಟ್ಟಿಯಲ್ಲಿ ಏಳು ಹೆಸರು. ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ನಮ್ಮ ಸಣ್ಣ ಕಾಲೇಜು ಒಂದು, ರಾಜ್ಯದ ದೊಡ್ಡ ವಿಶ್ವವಿದ್ಯಾಲಯಗಳು ಎರಡು, ಪೂರ್ವ ತೀರದ ಭಾರೀ ಸಿರಿವಂತ ಕಾಲೇಜುಗಳು ನಾಲ್ಕು. ತಮಾಷೆ ಕೇಳು. ರಾಜ್ಯದ್ದರ ಶುಲ್ಕ ಮೂವತ್ತು ಸಾವಿರ, ಸಹಾಯವೆಲ್ಲ ಕಳೆದು ನಮಗೆ ವರ್ಷಕ್ಕೆ ಹದಿನೆಂಟು ಸಾವಿರ ಬೀಳುತ್ತದೆ. ಸಿರಿವಂತ ಕಾಲೇಜಿನದು ತೊಂಬತ್ತು ಸಾವಿರ, ಆದರೆ ವೃದ್ಧಾಶ್ರಮದಲ್ಲಿ ಆಯಾ ಕೆಲಸ ಮಾಡುವ ತಾಯಿಯ ಮಗಳಿಗೆ ಅವರೇ ಹೆಚ್ಚುಕಡಿಮೆ ಎಲ್ಲವನ್ನೂ ಮಾಫಿ ಮಾಡುತ್ತಾರೆ. ನಮಗೆ ಬೀಳುವುದು ಎರಡು ಸಾವಿರ! ಅಮ್ಮ ಚಮಚ ಕೆಳಗಿಟ್ಟು ಕೇಳಿದಳು, "ತೊಂಬತ್ತರದ್ದು ಅಗ್ಗ, ಮೂವತ್ತರದ್ದು ದುಬಾರಿ. ಇದೇನು ಕುಡಿದವರು ಹಾಕಿದ ಲೆಕ್ಕಾನಾ?"

ಒಂದೇ ಒಂದು ತೊಡಕು. ಆ ನಾಲ್ಕು ಕಾಲೇಜುಗಳು ತಂದೆ ತಾಯಿ ಬೇರೆಯಾಗಿದ್ದರೂ ಇಬ್ಬರ ಆದಾಯವನ್ನೂ ಕೇಳುತ್ತವೆ. ತಂದೆ ಬಿಟ್ಟುಹೋಗಿ ವರ್ಷಗಟ್ಟಲೆ ಸಂಪರ್ಕವೇ ಇಲ್ಲವೆಂದು ಊರಿನ ಗೌರವಸ್ಥರು ಯಾರಾದರೂ ಬರೆದುಕೊಟ್ಟರೆ ಮಾತ್ರ ವಿನಾಯಿತಿ. ಅದೇನು ದೊಡ್ಡ ವಿಷಯ! ಅಪ್ಪ ಹೋಗಿ ಹನ್ನೊಂದು ವರ್ಷವಾಯಿತೆಂದು ಇಡೀ ಪೈನ್ ಫೋರ್ಕಿಗೆ ಗೊತ್ತು. ನಾಳೆಯೇ ಹೋಬರ್ಟ್ ಪಾದ್ರಿಗಳ ಹತ್ತಿರ ಬರೆಸಿಕೊಂಡು ಬರುತ್ತೇನೆ ಅಂದೆ. ಟೆಸ್ಸಾ ತಲೆಯೆತ್ತದೆ, "ನೀನು ಬೇಡ ಬಿಡು ಅಕ್ಕ, ನಾನೇ ನೋಡ್ಕೋತೀನಿ" ಅಂದಳು. ಹುಚ್ಚಿ! ಅಕ್ಕ ಇರುವುದು ಯಾತಕ್ಕೆ?

ಪಾದ್ರಿಗಳ ಹೆಸರು ಬರೆಯುತ್ತಿದ್ದಂತೆ ಮತ್ತೆ ಮದುವೆ ನೆನಪಾಗುತ್ತಿದೆ. ಅಪ್ಪನ ತೋಳು ಹಿಡಿದು ಇಗರ್ಜಿಯ ನಡುದಾರಿಯಲ್ಲಿ ನಡೆದದ್ದು, ಮುಂದೆ ಹೂಗೊಂಚಲು ಹಿಡಿದು ಹೋಗುತ್ತಿದ್ದ ಟೆಸ್ಸಾ ಒಂದು ಸಲ ತಿರುಗಿ ನನ್ನನ್ನು ನೋಡಿ ನಕ್ಕದ್ದು, ಆಚೆ ತುದಿಯಲ್ಲಿ ನೀನು ಕಿವಿಯವರೆಗೂ ಕೆಂಪಾಗಿ ನಿಂತದ್ದು. ನಾನು ಫೋನ್ ನಂಬರ್ ಹುಡುಕಿ ಕರೆದ ಒಂದೇ ಮಾತಿಗೆ ಅಪ್ಪ ನಾಕ್ಸ್‌ವಿಲ್‌ನಿಂದ ಬಂದರಲ್ಲ ವೇಲನ್! ಜಗತ್ತಿನಲ್ಲಿ ಎಲ್ಲ ಸರಿಹೋಗುತ್ತದೆ ಅನ್ನಿಸುತ್ತದೆ ನನಗೆ.

ಚೆನ್ನಾಗಿ ತಿನ್ನು. ಪಾದದ ಗುಳ್ಳೆಗೆ ಮುಲಾಮು ಹಚ್ಚು.

ನಿನ್ನ, ನಿನ್ನ, ನಿನ್ನ ಹೆಂಡತಿ,
ಶೆಲ್ಬಿ


ಅಕ್ಟೋಬರ್ 26, ಭಾನುವಾರ

ವೇಲನ್, ನನ್ನ ಚಿನ್ನ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡ. ಗುರಿ ಹೊಡೆಯುವುದರಲ್ಲಿ ಪಾಸಾದೆಯೆಂದು ಓದಿ ಅಡುಗೆಮನೆಯಲ್ಲೇ ಕುಣಿದೆ. ಬರೆಯಲು ಕೂತಾಗಲೆಲ್ಲ ಕೈ ಬರಲಿಲ್ಲ, ಅಷ್ಟೆ.

ಹೋಬರ್ಟ್ ಪಾದ್ರಿಗಳ ಬಳಿ ಹೋಗಿದ್ದೆ. ಇಗರ್ಜಿಯ ಹಿಂದಿನ ಕೋಣೆಯಲ್ಲಿ ಸುಗ್ಗಿಯ ಊಟಕ್ಕೆಂದು ಕುಂಬಳಕಾಯಿ ಒರೆಸುತ್ತಿದ್ದರು. ಮದುಮಗಳು ಬಂದಳೆಂದು ನನಗೆ ಕುರ್ಚಿ ಎಳೆದು ಹಾಕಿದರು. ಕಾಗದ ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

"ಮಗಳೇ, ಇಲ್ಲಿ ತಂದೆ ಜೊತೆ ಸಂಪರ್ಕ ಇಲ್ಲ ಅಂತ ನಾನು ಸಹಿ ಹಾಕಬೇಕು."

"ಹೌದು ಪಾದ್ರಿಗಳೇ. ಹನ್ನೊಂದು ವರ್ಷ ಆಯ್ತಲ್ಲ."

"ಆಗಸ್ಟ್ ಇಪ್ಪತ್ಮೂರಕ್ಕೆ ಅಲ್ಲಿ ನಿಂತ್ಕೊಂಡು, ಈ ಹೆಣ್ಣನ್ನ ಕೊಡೋರು ಯಾರು ಅಂತ ಕೇಳಿದವನು ನಾನು. ನಾನು ಅಂತ ಹೇಳಿದವನು ನಿಮ್ಮಪ್ಪ ಡ್ವೇನ್. ನೂರ ನಲವತ್ತು ಜನ ಕೇಳಿಸ್ಕೊಂಡಿದಾರೆ. ಈಗ ಅವನು ಇಲ್ಲವೇ ಇಲ್ಲ ಅಂತ ಹೇಗಮ್ಮ ಬರೀಲಿ?"

ನಿಜ ಹೇಳುತ್ತೇನೆ, ಆ ಕ್ಷಣದವರೆಗೆ ನನಗೆ ಹೊಳೆದೇ ಇರಲಿಲ್ಲ. ಒಂದು ದಿನಕ್ಕೆ ಬಂದು ಹೋದದ್ದನ್ನು ಸಂಪರ್ಕವೆಂದು ಯಾರು ಎಣಿಸುತ್ತಾರೆ? ಇಗರ್ಜಿಯ ಅಂತರ್ಜಾಲ ಪುಟದಲ್ಲಿ ಹಾಕಿರುವ ಫೋಟೋ ತೆಗೆಸಿಬಿಡಿ ಎಂದು ಬೇಡಿದೆ. ಪಾದ್ರಿಗಳು ನನ್ನ ತಲೆ ಸವರಿ, "ಫೋಟೋ ತೆಗೀಬಹುದು ಮಗಳೇ. ಅಷ್ಟು ಜನರ ಕಣ್ಣು ತೆಗೆಯೋಕಾಗುತ್ತಾ?" ಅಂದರು. ಅವರ ಮೇಲೆ ಕೂಗಾಡಿದೆ, ವೇಲನ್. ನಮಗೆ ಮದುವೆ ಮಾಡಿಸಿದವರ ಮೇಲೆ! ಕುಂಬಳಕಾಯಿಯೊಂದು ಉರುಳಿಬಿತ್ತು. ಅವರೇ ಎತ್ತಿ ಇಟ್ಟರು.

ವಿನಾಯಿತಿ ಸಿಗದಿದ್ದರೆ ಉಳಿದ ದಾರಿ ಒಂದೇ, ಅಪ್ಪನೇ ತಮ್ಮ ಆದಾಯ ತೋರಿಸಿ ಸಹಾಯದ ಅರ್ಜಿ ತುಂಬುವುದು. ಫೋನ್ ಮಾಡಿದೆ, ಎತ್ತಲಿಲ್ಲ. ಶನಿವಾರ ಅಮ್ಮನಿಗೆ ಹೇಳದೆ ನಿನ್ನ ಪಿಕಪ್ ಗಾಡಿ ತೆಗೆದುಕೊಂಡು ಮೂರು ಗಂಟೆ ಓಡಿಸಿ ನಾಕ್ಸ್‌ವಿಲ್‌ಗೆ ಹೋದೆ. ಚಂದದ ಮನೆ. ಅಂಗಳದಲ್ಲಿ ಅವರ ಎರಡು ಗಂಡುಮಕ್ಕಳು ಚೆಂಡಾಡುತ್ತಿದ್ದರು. ಅಪ್ಪನ ಈಗಿನ ಹೆಂಡತಿ ಸಿಹಿ ಐಸ್ ಟೀ ತಂದುಕೊಟ್ಟಳು. ಒಳಗೆ ಗೋಡೆಯ ಮೇಲೆ ಏನಿತ್ತು ಗೊತ್ತಾ? ನಮ್ಮ ಮದುವೆಯ ಫೋಟೋ, ಕಿಟಕಿಯಷ್ಟು ದೊಡ್ಡದು. ಅಪ್ಪ ಮತ್ತು ನಾನು, ತೋಳಿಗೆ ತೋಳು. ನೀನು ಅದರಲ್ಲಿಲ್ಲ. ಟೆಸ್ಸಾಳೂ ಇಲ್ಲ, ಹೂಗೊಂಚಲಿನ ತುದಿ ಮಾತ್ರ ಕಾಣುತ್ತದೆ.

"ಬಂದವರಿಗೆಲ್ಲ ತೋರಿಸ್ತೀನಿ. ನನ್ನ ದೊಡ್ಡ ಮಗಳು ಅಂತ," ಅಂದರು.

ನಾನು ಅರ್ಜಿ ಮುಂದಿಟ್ಟೆ. ಒಂದು ಪುಟವನ್ನೂ ಓದಲಿಲ್ಲ.

"ನನ್ನ ತೆರಿಗೆ ಕಾಗದ ಯಾವ ಕಾಲೇಜಿಗೂ ತೋರಿಸಲ್ಲ ಶೆಲ್ಬಿ. ಇದು ನಿಮ್ಮಮ್ಮನ ಕಿತಾಪತಿ. ನಾಳೆ ಇದನ್ನೇ ಹಿಡ್ಕೊಂಡು ಕೋರ್ಟಿಗೆ ಹೋಗ್ತಾಳೆ, ಹಳೇ ಜೀವನಾಂಶ ಕೊಡು ಅಂತ."

"ಅಮ್ಮನಿಗೆ ನಾನಿಲ್ಲಿ ಬಂದಿರೋದೇ ಗೊತ್ತಿಲ್ಲಪ್ಪ. ನಿಮ್ಮ ಪಾಲಿಗೆ ಕಾಲೇಜು ಕೇಳೋ ದುಡ್ಡನ್ನೂ ನೀವು ಕೊಡೋದು ಬೇಡ, ನಾನು ಕಟ್ತೀನಿ. ನೀವು ಬರೀ ತುಂಬಿ, ಸಾಕು."

"ಮದುವೆಗೆ ಬಾ ಅಂದೆ, ಬಂದೆ. ಸೂಟು ಹೊಲಿಸ್ಕೊಂಡು ಬಂದೆ. ಅದಕ್ಕಿಂತ ಇನ್ನೇನು ಬೇಕು ನಿನಗೆ? ಅವಳು ಊರಲ್ಲೇ ಓದ್ಲಿ. ನಾನು ಯಾವ ಕಾಲೇಜಿಗೂ ಹೋಗಿಲ್ಲ, ಏನಾಗಿದೆ ನನಗೆ?"

ಮೊಣಕಾಲೂರಿದೆ, ವೇಲನ್. ಆ ಹೆಂಗಸಿನೆದುರು, ಕಾರ್ಪೆಟ್ಟಿನ ಮೇಲೆ. ಚೆಂಡಾಡುತ್ತಿದ್ದವರಲ್ಲಿ ಚಿಕ್ಕವನು ಬಾಗಿಲಲ್ಲಿ ನಿಂತು, "ಅಪ್ಪ, ಈ ಫೋಟೋದ ಅಕ್ಕ ಯಾಕಳ್ತಿದಾಳೆ?" ಎಂದು ಕೇಳಿದ. ಎದ್ದು ಬಂದುಬಿಟ್ಟೆ.

ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿದೆ, ಕಣ್ಣು ಕಾಣಿಸಲಿಲ್ಲ. ಏನು ಮಾಡಲಿ ಹೇಳು. ನೀನಿದ್ದಿದ್ದರೆ ಏನಾದರೊಂದು ಹೇಳುತ್ತಿದ್ದೆ, ತಪ್ಪೋ ಸರಿಯೋ. ಬೇಗ ಬರೆ.

ನಿನ್ನ ಶೆಲ್ಬಿ


ನವೆಂಬರ್ 23, ಭಾನುವಾರ

ಪ್ರೀತಿಯ ವೇಲನ್,

ತಡವಾಯಿತು, ಮತ್ತೆ. ಈ ಸಲ ಲಕೋಟೆ ಬೋಳಾಗಿದೆ. ಹೃದಯಕ್ಕಾಗಿ ಮಡಿಕೆ ಬಿಡಿಸಿ ಹುಡುಕಬೇಡ. ಪ್ರೀತಿಯೇನೂ ಕಡಿಮೆಯಾಗಿಲ್ಲ, ಕೆಂಪು ಪೆನ್ನು ಟೆಸ್ಸಾಳ ಬಳಿಯಿದೆ. ಅದರಿಂದ ಅವಳು ಹೆಸರುಗಳನ್ನು ಹೊಡೆದುಹಾಕುತ್ತಿದ್ದಾಳೆ.

ಕೊನೆಗೆ ಪಾದ್ರಿಗಳೇ ಮನೆಗೆ ಬಂದಿದ್ದರು. ಸುಳ್ಳು ಬರೆಯಲಾರೆ, ನಿಜವನ್ನು ಪೂರ್ತಿ ಬರೆಯುತ್ತೇನೆ ಅಂದರು. ಅಮ್ಮನ ಮೇಜಿನ ಮೇಲೇ ಬರೆದರು. "ಈ ಮಕ್ಕಳ ತಂದೆ ಹನ್ನೊಂದು ವರ್ಷಗಳಲ್ಲಿ ಈ ಊರಲ್ಲಿದ್ದದ್ದು ನಲವತ್ತು ನಿಮಿಷ. ಹಿರಿಯ ಮಗಳನ್ನು ವೇದಿಕೆಯವರೆಗೆ ನಡೆಸಿಕೊಂಡು ಬಂದ, ಫೋಟೋ ತೆಗೆಸಿಕೊಂಡ, ಕೇಕ್ ಕತ್ತರಿಸುವ ಮೊದಲೇ ಹೊರಟ. ಕಿರಿಯ ಮಗಳ ಜೊತೆ ಒಂದು ಮಾತೂ ಆಡಿದ್ದನ್ನು ನಾನು ಕಾಣೆ." ಅಮ್ಮ ಒಲೆಯ ಕಡೆ ತಿರುಗಿಕೊಂಡು ನಿಂತಿದ್ದಳು, ಒಲೆಯ ಮೇಲೆ ಏನೂ ಇರಲಿಲ್ಲ. ಪ್ರೂವಿಟ್ ಮೇಡಂ ಅದನ್ನು ನಾಲ್ಕೂ ಕಾಲೇಜಿಗೆ ಕಳಿಸಿದರು. ಅಂಥ ಕಾಗದ ಓದಿದ ಮೇಲೂ ಇಲ್ಲವೆನ್ನುವವರು ಇರುತ್ತಾರೆಯೇ ಎಂದು ನಾನು ಧೈರ್ಯವಾಗಿದ್ದೆ.

ನಾಲ್ಕೂ ಇಲ್ಲವೆಂದವು. ಬಹಳ ಮರ್ಯಾದೆಯಿಂದ ಬರೆದಿದ್ದಾರೆ. ಈ ವರ್ಷವೇ ಕುಟುಂಬದ ಸಮಾರಂಭದಲ್ಲಿ ತಂದೆ ಪಾಲ್ಗೊಂಡಿರುವುದರಿಂದ ಅವರ ಮಾಹಿತಿ ಅಗತ್ಯವೆಂದು. ಅದಿಲ್ಲದೆ ಸಹಾಯವಿಲ್ಲ. ಸಹಾಯವಿಲ್ಲದಿದ್ದರೆ ತೊಂಬತ್ತು ಸಾವಿರ.

ರಾಜ್ಯದ ಎರಡಕ್ಕೆ ವರ್ಷಕ್ಕೆ ಹದಿನೆಂಟು ಸಾವಿರ ಸಾಲ ಬೇಕು. ನಮ್ಮ ಹೆಸರಿನಲ್ಲಿ ಎತ್ತುತ್ತೇನೆ ಎಂದೆ. ಪ್ರೂವಿಟ್ ಮೇಡಂ ಕೈಮುಗಿಯುವಂತೆ ಮಾಡಿ, "ಬೇಡಮ್ಮ, ನಿಮ್ಮ ಸಂಸಾರ ಈಗ ಶುರುವಾಗಿದೆ. ಮೇಲೆ ಮೆಡಿಕಲ್ಲಿನದು ಬೇರೆ ಇದೆ," ಅಂದರು. ಅವೂ ಹೋದವು. ಉಳಿದದ್ದು ಮುಕ್ಕಾಲು ಗಂಟೆ ದೂರದ್ದು. ಶುಲ್ಕವಿಲ್ಲ, ಅಮ್ಮನ ಮನೆಯಿಂದಲೇ ಹೋಗಿಬರಬಹುದು. ಹತ್ತು ವರ್ಷಗಳಲ್ಲಿ ಅಲ್ಲಿಂದ ವೈದ್ಯಕೀಯಕ್ಕೆ ಸೀಟು ಸಿಕ್ಕಿದ್ದು ಇಬ್ಬರಿಗೆ.

"ಇಬ್ಬರು ಹೋಗಿದಾರಲ್ಲ, ನೀನು ಮೂರನೆಯವಳು," ಅಂದೆ ನಾನು.

"ಇಬ್ಬರ ಹೆಸರೂ ಹುಡುಕಿದೆ ಅಕ್ಕ," ಅಂದಳು. "ಒಬ್ಬಳ ಅಪ್ಪ ಡಾಕ್ಟರು. ಇನ್ನೊಬ್ಬನ ಅಪ್ಪ ಆ ಕಾಲೇಜಿನ ಡೀನು." ಆಮೇಲೆ ನಕ್ಕಳು. "ನನಗಿರೋ ಅಪ್ಪ ಎಸಿ ರಿಪೇರಿಯವರು. ಕ್ಲಾಸು ತಂಪಾಗಿರುತ್ತೆ ಬಿಡು."

ನಾನು ನಗಲಾರದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅವಳೂ ಬಂದು ಪಕ್ಕದಲ್ಲಿ ಕೂತಳು. ಶನಿವಾರಗಳಲ್ಲಿ ಅಮ್ಮನ ವೃದ್ಧಾಶ್ರಮದಲ್ಲಿ ಟೆಸ್ಸಾ ಕೆಲಸ ಮಾಡುತ್ತಾಳಲ್ಲ, ಅಲ್ಲಿ ಕ್ರೌಡರ್ ಅಜ್ಜ ಅವಳೊಬ್ಬಳಿಗೇ ತೋಳು ಚಾಚಿ ರಕ್ತದೊತ್ತಡ ನೋಡಲು ಬಿಡುವುದು, ಮಿಕ್ಕವರಿಗೆ ಒದೆಯುತ್ತಾನೆ. ಆ ಅಜ್ಜ ಕೇಳಿದನಂತೆ, ಡಾಕ್ಟರಮ್ಮ ಊರಿಗೆ ಬರುವುದು ಯಾವಾಗ, ಅಲ್ಲಿಯವರೆಗೆ ನಾನು ಇರಬೇಕಾ ಎಂದು. "ಏನಂದೆ?" ಎಂದು ಕೇಳಿದೆ. "ಆತುರ ಇಲ್ಲ ಅಜ್ಜ, ನಿಧಾನವಾಗಿ ಇರಿ ಅಂದೆ," ಅಂದಳು.

ನನ್ನನ್ನು ಬೈದುಬಿಡೇ ಎಂದು ಕೇಳಿಕೊಂಡೆ. ಒಂದೇ ಒಂದು ಸಲ ಬೈ. ನನ್ನ ಮದುವೆಯ ಮೆರವಣಿಗೆಗೆ ನಿನ್ನ ನಾಲ್ಕು ಕಾಲೇಜು ಹೋದವು ಎಂದು ಬಾಯಿಬಿಟ್ಟು ಹೇಳು. ಅವಳು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು.

ಡಿಸೆಂಬರ್ ನಾಲ್ಕಕ್ಕೆ ನಿನ್ನ ತರಬೇತಿ ಮುಗಿಯುವ ದಿನ ನಾವು ಮೂವರೂ ಬರುತ್ತೇವೆ. ಅಮ್ಮ ನಿನಗೆಂದು ಪೆಕಾನ್ ಪೈ ಮಾಡುತ್ತಾಳೆ. ನಿನ್ನನ್ನು ಅಪ್ಪಿಕೊಂಡು ಬಿಡದೇ ಹೋದರೆ ಸಾರ್ಜೆಂಟಿಗೆ ಹೇಳು, ದಂಡ ನಾನೇ ಹೊಡೆಯುತ್ತೇನೆ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಡಲಿ, ನಿನ್ನ ಮನಸ್ಸನ್ನು ಮಾತ್ರ ಈಗಿನ ಹಾಗೇ ಮೆತ್ತಗಿಡಲಿ.

ನಿನ್ನ ಹೆಂಡತಿ,
ಶೆಲ್ಬಿ

ಮರೆತದ್ದು: ಮರೆತಿಲ್ಲ, ಮೇಲೆ ಬರೆಯಲಾಗಲಿಲ್ಲ. ಇವತ್ತು ಮಧ್ಯಾಹ್ನ ಮೇಜು ಒರೆಸುವಾಗ ಟೆಸ್ಸಾಳ ಹಳದಿ ನೋಟ್‌ಬುಕ್ ಸಿಕ್ಕಿತು. ಜುಲೈ ಹದಿನೆಂಟನೇ ತಾರೀಖಿನ ಪುಟ. ಮದುವೆಗೆ ಇನ್ನೂ ಐದು ವಾರವಿತ್ತು. ಹೀಗೆ ಬರೆದಿದ್ದಾಳೆ: "ಈ ವರ್ಷ ಅಪ್ಪನ ಜೊತೆ ಯಾವ ಸಂಪರ್ಕವೂ ಇರಬಾರದು, ಮದುವೆಗೂ ಬರಬಾರದು, ಇಲ್ಲದಿದ್ದರೆ ವಿನಾಯಿತಿ ಸಿಗುವುದಿಲ್ಲ ಎಂದು ಪ್ರೂವಿಟ್ ಮೇಡಂ ಹೇಳಿದರು. ಅಕ್ಕನಿಗೆ ಇವತ್ತೇ ಹೇಳಬೇಕು." ಆ ಕೊನೆಯ ಸಾಲನ್ನು ಹೊಡೆದುಹಾಕಿದ್ದಾಳೆ. ಕೆಳಗೆ ಸಣ್ಣ ಅಕ್ಷರದಲ್ಲಿ: "ಹೇಳುವುದಿಲ್ಲ. ಅಪ್ಪ ನಮ್ಮನ್ನು ಬಿಟ್ಟುಹೋದ ವರ್ಷ ಅವಳು ಅವರ ಹಳೇ ಕೋಟಿನ ತೋಳು ಹಿಡಿದುಕೊಂಡು ಹಜಾರದಲ್ಲಿ ಮದುಮಗಳ ಹಾಗೆ ನಡೆಯುತ್ತಿದ್ದಳು. ನಾನು ಹೂ ಹಿಡಿದು ಮುಂದೆ ಹೋಗುತ್ತಿದ್ದೆ."

ಇಗರ್ಜಿಯಲ್ಲಿ ತಿರುಗಿ ನೋಡಿ ನಕ್ಕಳಲ್ಲ, ವೇಲನ್. ಆಗಲೇ ಅವಳಿಗೆ ಎಲ್ಲ ಗೊತ್ತಿತ್ತು.