ಶಾಲೆಯಿಂದ ಬಂದ ಹಾಗೆಯೇ

ಯಶವಂತನಗರ
೧೨ ಫೆಬ್ರವರಿ ೨೦೦೮

ಪ್ರೀತಿಯ ಚಿಗವ್ವನಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ನನ್ನ ತಲೆ ಇದ್ದಷ್ಟು ಜಾಗ ಮಾತ್ರ ಬೆಳ್ಳಗಿತ್ತು. ಸುತ್ತಲೂ ಅದಿರಿನ ಕೆಂಪು ಧೂಳು. ಕಿಟಕಿ ಮುಚ್ಚಿಯೇ ಮಲಗಿದ್ದೆ.

ನೀನು ಹಂಪಿ ಬಜಾರಿನಲ್ಲಿ ಕೊಡಿಸಿದ, ಮುಖ ತಿಕ್ಕುವ ಕರೆಂಟಿನ ಬ್ರಶ್ ಹೇಗಿದೆ ಎಂದು ಕೇಳಿದ್ದೀ. ಯುಗಾದಿಗೆ ಎರಡು ವರ್ಷವಾಗುತ್ತದೆ. ಮೊಡವೆ ಕಡಿಮೆಯಾಗಿವೆ, ಮೂಗಿನ ಪಕ್ಕದ ಧೂಳೂ ಬಿಡುತ್ತದೆ. ದಿನಕ್ಕೆ ಎರಡು ಸಲ ತಿಕ್ಕಿದರೆ ಕೆನ್ನೆ ಉರಿಯುವುದರಿಂದ ಸಂಜೆ ಮಾತ್ರ ಬಳಸುತ್ತೇನೆ. ಮುಖದ ಬಣ್ಣ ಮಾತ್ರ ಮೊದಲಿನದೇ ಇದೆ. ಪಕ್ಕದ ಮನೆಯ ಕರೆಮ್ಮ ಅದರ ಸದ್ದು ಕೇಳಿದಾಗಲೆಲ್ಲ, "ನಮ್ಮ ಮನಿಯವ್ರ ಲಾರಿಗೂ ಒಂದು ತರಿಸಿಕೊಡವ್ವ" ಅನ್ನುತ್ತಾಳೆ.

ಕಂಪ್ಲಿಯವರು ಹೆಣ್ಣು ನೋಡಲು ಬರುವ ಮೊದಲು ಎಂಟು ದಿನ ಚಿತ್ತವಾಡ್ಗಿಯಲ್ಲಿ ನಿನ್ನ ಮನೆಯೊಳಗೇ ಇರು, ಮುಖ ತಿಳಿಯಾಗಲಿ ಎಂದು ಬರೆದಿದ್ದೀ. ಹೋದ ವರ್ಷವೂ ಹಾಗೇ ಮಾಡಿದೆವು. ಅಲ್ಲಿ ನೋಡಿ ಒಪ್ಪಿಹೋದ ಹುಡುಗನ ತಾಯಿ ಆಮೇಲೆ ಇಲ್ಲಿಗೆ ಬಂದರು. ಶಾಲೆಯಲ್ಲಿ ಪಾಠ ಮುಗಿಸಿ ಕೆಂಪು ಧೂಳಿನಲ್ಲೇ ಬಂದ ನನ್ನನ್ನು ಕಂಡು, "ನಾವು ನೋಡಿದ್ದು ಈ ಹುಡುಗೀನಽ ಏನ್ರಿ?" ಎಂದು ಅಪ್ಪನನ್ನು ಕೇಳಿದರು. ಸಂಬಂಧ ಅಲ್ಲಿಗೇ ನಿಂತಿತು.

ಈ ಕಂಪ್ಲಿಯ ಹುಡುಗ, ನಾನು ಮಕ್ಕಳಿಗೆ ಯಾವ ಪದ್ಯ ಕಲಿಸುತ್ತೇನೆಂದು ಕೇಳಿ ಕಳಿಸಿದ್ದಾನಂತೆ. ಬೇರೇನೂ ಕೇಳಿಲ್ಲವಂತೆ.

ಬ್ರಶ್ಶಿನ ಕೂದಲು ಸವೆದಿವೆ, ಹೊಸದು ಸಿಕ್ಕರೆ ತೆಗೆದುಕೊಂಡು ಬಾ. ಕಂಪ್ಲಿಯವರಿಗೆ ದಾರಿ ತೋರಿಸಲು ನೀನೇ ಬರಬೇಕು. ಶನಿವಾರ ಯಶವಂತನಗರಕ್ಕೇ ಬರಲಿ ಎಂದು ಅಪ್ಪನಿಂದ ಹೇಳಿಸಿದ್ದೇನೆ. ಶಾಲೆಯಿಂದ ಬಂದ ಹಾಗೆಯೇ ಅವರೆದುರು ಕೂರುತ್ತೇನೆ.

ನಿನ್ನ
ಸುಮಂಗಲಾ