ಮೂರನೇ ಮಹಡಿಯ ಹೊಲಿಗೆ ಮಷಿನ್

ಗೃಹ ಸಹಕಾರ ಸಂಘದ ಕಾರ್ಯದರ್ಶಿಯವರಿಗೆ,

ನಮಸ್ಕಾರ. ಮೂರನೇ ಮಹಡಿಯ ಮನೆ ಕೊಳ್ಳಲು ಅರ್ಜಿ ಹಾಕಿರುವ ಟೈಲರ್ ನಾನು. ಸಂದರ್ಶನದಲ್ಲಿ ನೀವು, "ಮನೆಯಲ್ಲಿ ಮಷಿನ್ ಓಡಿಸ್ತೀರೇನಮ್ಮ?" ಎಂದಾಗ "ಇಲ್ಲ" ಎಂದುಬಿಟ್ಟೆ. ಅದು ಸುಳ್ಳು. ದಯವಿಟ್ಟು "ಹೌದು" ಎಂದು ತಿದ್ದಿಕೊಳ್ಳಿ. ಈ ಬೀದಿಯ ಹಳೆಯ ಮನೆಗಳೆಲ್ಲ ಗಾಜಿನ ಅಂಗಡಿಗಳಾಗುತ್ತಿವೆ. ನಮ್ಮ ಕೈಗೆಟುಕುವ ಬೆಲೆಗೆ ಉಳಿದಿರುವುದು ಸಂಘದ ಈ ಮನೆಯೊಂದೇ. ಅದೂ ತಪ್ಪಿಹೋದರೆ ಎಂದು ಹೆದರಿದ್ದೆ.

ನಿನ್ನೆ ಬೆಳಿಗ್ಗೆ, ಮನೆ ಮಾರುತ್ತಿರುವವರನ್ನು ಕೇಳಿಕೊಂಡು, ನಾನೂ ಮಗಳೂ ಮಷಿನ್ ಹೊತ್ತು ಮೂರು ಮಹಡಿ ಹತ್ತಿದೆವು. ಅದರ ಕೆಳಗೆ ದಪ್ಪ ರಬ್ಬರ್ ಹಾಸಿ ಹತ್ತು ನಿಮಿಷ ಓಡಿಸಿದೆ. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರಿಗೆ ಹತ್ತುವಾಗಲೇ ವಿಷಯ ಹೇಳಿದ್ದೆ. ಆಮೇಲೆ ಅವರ ಬಾಗಿಲು ತಟ್ಟಿ, "ಸದ್ದು ಜಾಸ್ತಿ ಆಯ್ತಾ ಸಾರ್?" ಎಂದು ಕೇಳಿದೆ.

"ಆಗಿಂದ ಕಾಯ್ತಾ ಇದೀನಿ, ಶುರು ಮಾಡೋದು ಯಾವಾಗ?" ಎಂದರು.

"ಅಜ್ಜನಿಗೆ ಕಿವಿ ಕೇಳ್ಸಲ್ವೇನೋ," ಎಂದು ಮಗಳು ನನ್ನ ಹಿಂದೆ ನಿಂತು ಪಿಸುಗುಟ್ಟಿದಳು.

"ಚೆನ್ನಾಗೇ ಕೇಳ್ಸುತ್ತೆ ಪುಟ್ಟಿ," ಎಂದು ನಕ್ಕರು.

ಭಾನುವಾರದ ಸಭೆಯಲ್ಲಿ ತೀರ್ಮಾನಿಸುವ ಮುನ್ನ ದಯವಿಟ್ಟು ಅವರನ್ನೂ ಒಂದು ಮಾತು ಕೇಳಿ. ಮಷಿನ್ ಈಗ ಅವರ ಹಜಾರದಲ್ಲಿದೆ. "ಮತ್ತೆ ಹತ್ತಿಸೋದೇ ತಾನೆ, ಯಾಕಮ್ಮ ಇಳಿಸ್ತೀಯಾ?" ಎಂದು ಅವರೇ ಇರಿಸಿಕೊಂಡಿದ್ದಾರೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಬೀದಿ ತುದಿಯ ಟೈಲರ್