ಇಳಿಯದ ಹಾಲು

ನಮ್ಮ ಹಟ್ಟಿ, ಮೊಳಕಾಲ್ಮೂರು ತಾಲ್ಲೂಕು
೧೯-೧-೧೯೯೮

ಮಗಳು ಶಾಂತಕುಮಾರಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಸುಳ್ಳು ಬರೆಯಲು ಕೈ ಬರುತ್ತಿಲ್ಲ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಕೋಪ ಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಕೂಡಿಸಿಕೊಂಡು ಓದು.

ಹೆರಿಗೆಗೆ ನೀನು ಇಲ್ಲಿಗೆ ಬರಬೇಡ. ಚಳ್ಳಕೆರೆಯಲ್ಲೇ ಇರು. ನಿನ್ನ ಅವ್ವ ಕರೆದರೂ ಬರಬೇಡ.

ನಿನ್ನ ಅತ್ತಿಗೆ ಪವಿತ್ರಳಿಗೆ ಗಂಡು ಮಗುವಾಯಿತು. ತವರಿನಲ್ಲಿ ಯಾರೂ ಇಲ್ಲದವಳು, ಇಲ್ಲೇ ಹೆತ್ತಳು. ರೂಢಿಯಂತೆ ತಾಯಿ ಮಗುವನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಟ್ಟರು. ಗೋಣಿಚೀಲ ಕಟ್ಟಿದ್ದೇ ಬಾಗಿಲು. ಒಂದು ಸಂಜೆ ಗುಡ್ಡದ ಕರಡಿ ಇಳಿದು ಅಲ್ಲಿಗೇ ಬಂದು ನಿಂತಿತು. ನಾವು ಕೂಗಾಡಿ ಓಡಿಸಿದೆವು. ಅದು ಯಾರನ್ನೂ ಮುಟ್ಟಲಿಲ್ಲ. ಅವಳು ಮಗುವನ್ನು ಅವುಚಿಕೊಂಡು ಕೂತೇ ಇದ್ದಳು. ಕರಡಿ ಹೋದ ಮೇಲೂ ಏಳಲಿಲ್ಲ.

"ಏನೂ ಆಗಿಲ್ವಲ್ಲೇ, ಮಗೀಗೆ ಹಾಲು ಕೊಡೇ," ಎಂದು ನಿನ್ನ ಅವ್ವ ದೂರದಿಂದಲೇ ಗದರಿದಳು. ಎಲ್ಲಿಯ ಹಾಲು? ಎದೆ ಬಿಗಿದು ನಿಂತಿತ್ತು, ಹನಿ ಇಳಿಯಲಿಲ್ಲ. ಗಾಳಿಗೆ ಗೋಣಿ ಅಲ್ಲಾಡಿದರೂ ಬೆವರುತ್ತಿದ್ದಳು. ಮಗುವಿಗೆ ಹತ್ತಿಯಲ್ಲಿ ಸಕ್ಕರೆ ನೀರು ಬಿಟ್ಟಳು.

ನರ್ಸಮ್ಮ ಬಂದು ನೋಡಿದಳು. "ಹಾಲು ಬತ್ತಿಲ್ಲ ಕಣ್ರೀ, ಐತೆ. ಇವಳ ಮೈ ಇನ್ನೂ ಕರಡಿ ಮುಂದೇನೇ ಕೂತೈತೆ, ಅದಕ್ಕೇ ಇಳೀತಿಲ್ಲ. ಒಳಗೆ ಕರ್ಕಂಡೋಗಿ, ಯಾರಾದ್ರೂ ಪಕ್ಕದಾಗೆ ಮಲಗ್ರಿ."

"ಸೂತಕ ಒಳಗೆ ತಂದ್ರೆ ದೇವರಿಗೆ ನೀನು ಉತ್ತರ ಕೊಡ್ತೀಯೇನಮ್ಮಾ?" ಅಂದಳು ನಿನ್ನ ಅವ್ವ.

ನನಗೆ ತಲೆ ಕೆಟ್ಟಿತು. "ತೋಳ ಅಟ್ಟಿದ ಕುರಿ ತನ್ನ ಮರಿಗೆ ಕೆಚ್ಚಲು ಬಿಡದಿದ್ರೆ ಮಂದೆ ಮಧ್ಯೆ ತಂದು ನಿಲ್ಲಿಸ್ತೀವಿ. ಇವಳು ಕುರಿಗಿಂತ ಕಡೇನೇನೇ?" ಎಂದು ಅರಚಿದೆ. ಹಟ್ಟಿಯವರು ಅಡ್ಡ ನಿಂತರು. ನಿಮ್ಮಣ್ಣ ರಾಮಾಂಜನೇಯ ಗಂಡಸೇ? ನೆಲ ನೋಡುತ್ತಾ ನಿಂತ. ನಾನು ಡಬ್ಬಿ ಹಾಲು ತರಲು ಮೊಳಕಾಲ್ಮೂರಿಗೆ ಓಡಿದೆ. ಬರುವಷ್ಟರಲ್ಲಿ ಮಗು ತಣ್ಣಗಾಗಿತ್ತು.

ಈಗ ನಿನ್ನ ಅವ್ವ ಅದೇ ಗುಡಿಸಲಿಗೆ ನಿನಗೆಂದು ಹೊಸ ಹುಲ್ಲು ಹೊದಿಸಿದ್ದಾಳೆ. "ಕರಡಿ ದಿನಾ ಬರ್ತದಾ?" ಅನ್ನುತ್ತಾಳೆ. ಅವಳೊಂದಿಗೆ ಜಗಳವಾಡಿ ಸಾಕಾಗಿದೆ. ಮಾವ ಬೇಡವೆಂದ ಎಂದು ನಿನ್ನ ಗಂಡನಿಗೆ ಹೇಳು. ಬೈಯುವವರು ನನ್ನನ್ನು ಬೈಯಲಿ.

ಹೆದರಬೇಡ ಎಂದು ಬರೆಯಹೊರಟೆ. ಆ ಮಾತಿನಿಂದ ಏನೂ ಆಗುವುದಿಲ್ಲ, ಕಣ್ಣಾರೆ ನೋಡಿದ್ದೇನೆ. ನಿನ್ನ ಹತ್ತಿರ ಯಾರಾದರೂ ಇರಲಿ. ಹುಟ್ಟುವ ಕೂಸು ಬದುಕಲಿ.

ನಿನ್ನ ಅಪ್ಪ,
ಓಬಳಪ್ಪ

ಮತ್ತೆ: ಅಪ್ಪ ಮಗಳಿಗೆ ಬರೆಯುವ ಮಾತಲ್ಲ, ಆದರೂ ಯಾರಿಗೆ ಹೇಳಲಿ? ಸೂತಕ ಕಳೆದು ಪವಿತ್ರ ಮನೆಯೊಳಗೆ ಬಂದಿದ್ದಾಳೆ. ನಿನ್ನೆ ಪಕ್ಕದ ಕೊಲ್ಲಾಪುರಮ್ಮನ ಮೊಮ್ಮಗು ಬೀದಿಯಲ್ಲಿ ಅತ್ತಿತು. ರೊಟ್ಟಿ ತಟ್ಟುತ್ತಿದ್ದವಳ ರವಿಕೆ ಪೂರಾ ನೆನೆಯಿತು. ನಿನ್ನ ಅವ್ವ ಎದ್ದು ಹೊರಗೆ ಹೋದಳು. ಪವಿತ್ರ ಸೆರಗು ಎಳೆದುಕೊಂಡು ರೊಟ್ಟಿ ತಟ್ಟುತ್ತಲೇ ಇದ್ದಳು.